ಸಾಮು, ಶ್ರಮ, ಕುಂಗ್ ಫೂ



ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರು ಪೇಟೆಗಳಲ್ಲಿ ಯಾವುದಕ್ಕೆ ಹೋದರೂ ಸಂಜೆಯ ಹೊತ್ತು ಯಾವುದಾದರೊಂದು ಶಾಲೆಯ ಅಂಗಳದಲ್ಲಿ ಬಿಳಿ ಉಡುಪು ತೊಟ್ಟ ಮಕ್ಕಳು ಸಾಲಾಗಿ ನಿಂತು ಗಾಳಿಗೆ ಗುದ್ದುತ್ತ ಒಟ್ಟಾಗಿ ಕೂಗು ಹಾಕುವುದನ್ನು ಕಾಣಬಹುದು. ಸೊಂಟಕ್ಕೆ ಹಳದಿ, ಹಸಿರು, ಕಂದು ಪಟ್ಟಿ ಕಟ್ಟಿರುತ್ತಾರೆ. ಅಂಥ ಒಬ್ಬ ಹುಡುಗ ಒಮ್ಮೆ ಚರಿತ್ರೆಯ ತರಗತಿಯಲ್ಲಿ ಎದ್ದು ನಿಂತು ನನ್ನನ್ನು ಕೇಳಿದ: "ಸರ್, ಕರಾಟೆ, ಕುಂಗ್ ಫೂ ಎಲ್ಲ ಹುಟ್ಟಿದ್ದು ನಮ್ಮಲ್ಲೇ ಅಲ್ಲವಾ? ಬೋಧಿಧರ್ಮ ಅನ್ನುವವರು ಇಲ್ಲಿಂದ ಹೋಗಿ ಚೀನಾದವರಿಗೆ ಕಲಿಸಿದರಂತೆ, ಹೌದಾ?"

ಆ ಹುಡುಗನಿಗೆ ನಾನು "ಹೌದು" ಎಂದುಬಿಟ್ಟೆ. ಅದು ಮೊದಲ ಸಲವೇನೂ ಅಲ್ಲ. ಅದಕ್ಕೂ ಹಿಂದೆ ಹಲವು ವರ್ಷ ತರಗತಿಗಳಲ್ಲಿ ಹಾಗೆಯೇ ಹೇಳಿದ್ದೆ. ಒಂದು ವಾರ್ಷಿಕೋತ್ಸವದ ಭಾಷಣದಲ್ಲಿ ಅದೇ ಮಾತಿಗೆ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಆಮೇಲೆ ಆಧಾರ ಹುಡುಕಲು ಕುಳಿತಾಗಲೇ ನನ್ನ ಕಾಲಡಿಯ ನೆಲ ಎಷ್ಟು ಪೊಳ್ಳು ಎಂಬುದು ತಿಳಿದದ್ದು. ಆದ್ದರಿಂದ ಇವತ್ತಿನ ಈ ಮಾತನ್ನು ಒಂದು ತಿದ್ದುಪಡಿ ಎಂದು ತೆಗೆದುಕೊಂಡರೂ ಸರಿಯೇ.

ಮೊದಲು ಕಥೆಯನ್ನು ಕೇಳೋಣ. ಕ್ರಿಸ್ತಶಕ 5 ಅಥವಾ 6ನೆಯ ಶತಮಾನ. ದಕ್ಷಿಣ ಭಾರತದ ಒಬ್ಬ ರಾಜನ ಮೂರನೆಯ ಮಗ ಬೋಧಿಧರ್ಮ ಬೌದ್ಧ ಭಿಕ್ಷುವಾಗಿ ಚೀನಾಕ್ಕೆ ಹೋದ. ಹೆನಾನ್ ಪ್ರಾಂತದ ಸೋಂಗ್ ಬೆಟ್ಟದ ಬಳಿಯ ಶಾವೊಲಿನ್ ವಿಹಾರದಲ್ಲಿ ಒಂಬತ್ತು ವರ್ಷ ಗೋಡೆಗೆ ಮುಖಮಾಡಿ ಧ್ಯಾನಕ್ಕೆ ಕುಳಿತ. ಅಲ್ಲಿನ ಭಿಕ್ಷುಗಳು ಧ್ಯಾನ ಮಾಡಿ ಮಾಡಿ ಬಡಕಲಾಗಿದ್ದುದನ್ನು ನೋಡಿ ಅವರಿಗೆ ಅಂಗಸಾಧನೆ ಕಲಿಸಿದ. ಅದೇ ಬೆಳೆದು ಕುಂಗ್ ಫೂ ಆಯಿತು. 2011ರಲ್ಲಿ ತೆರೆಗೆ ಬಂದ 'ಏಳಾಂ ಅರಿವು' ಎಂಬ ತಮಿಳು ಚಿತ್ರ ಈ ಕಥೆಯನ್ನು ನಮ್ಮ ಕಡೆಯ ಮಕ್ಕಳಿಗೂ ಮುಟ್ಟಿಸಿತು. ಕಥೆ ಚೆನ್ನಾಗಿದೆ. ಕೇಳಿದವನ ಎದೆ ಉಬ್ಬುತ್ತದೆ. ಎದೆ ಉಬ್ಬಿದ ಗಳಿಗೆಯಲ್ಲಿ ಆಧಾರ ಕೇಳುವುದು ಯಾರಿಗೂ ನೆನಪಾಗುವುದಿಲ್ಲ, ನನಗೂ ಆಗಲಿಲ್ಲ.

ಆಧಾರಗಳು ಏನು ಹೇಳುತ್ತವೆ? ಬೋಧಿಧರ್ಮನ ಹೆಸರು ಬರುವ ಅತ್ಯಂತ ಹಳೆಯ ಗ್ರಂಥ ಸುಮಾರು ಕ್ರಿ.ಶ. 547ರದು. ಲುವೊಯಾಂಗ್ ನಗರದ ಬೌದ್ಧ ವಿಹಾರಗಳನ್ನು ವರ್ಣಿಸುವ ಆ ಪುಸ್ತಕವನ್ನು ಬರೆದವನು ಯಾಂಗ್ ಷುವಾನ್‌ಜಿ. ಅದರಲ್ಲಿ ಬರುವ ಬೋಧಿಧರ್ಮ ಪರ್ಶಿಯಾ ದೇಶದ ಮುದುಕ ಭಿಕ್ಷು. ಅಲ್ಲಿನ ಒಂದು ಎತ್ತರದ ಗೋಪುರವನ್ನು ಕಂಡು ಬೆರಗಾಗಿ ಕೈಮುಗಿಯುತ್ತಾನೆ. ಅಷ್ಟೇ. ಇನ್ನೊಂದು ಹಳೆಯ ಬರಹ ಅವನನ್ನು ದಕ್ಷಿಣ ಭಾರತದವನೆನ್ನುತ್ತದೆ, ರಾಜಪುತ್ರನೆಂದೂ ಹೇಳುತ್ತದೆ. ಕಂಚಿಯ ಪಲ್ಲವರ ನಂಟನ್ನು ಗಂಟು ಹಾಕಿದ್ದು ಬಹಳ ಈಚೆಗೆ. ಒಂಬತ್ತು ವರ್ಷದ ಗೋಡೆಯ ಧ್ಯಾನವೂ ಆಮೇಲಿನ ಗ್ರಂಥಗಳಲ್ಲಿ ರೂಪುಗೊಂಡದ್ದು. ಅವನು ಭಾರತದವನಾಗಿದ್ದಿರಬಹುದು, ಧ್ಯಾನಮಾರ್ಗದ ಗುರುವಾಗಿದ್ದಿರಬಹುದು. ನಾವು ಗಮನಿಸಬೇಕಾದದ್ದು ಬೇರೆ. ಈ ಹಳೆಯ ಬರಹಗಳಲ್ಲಿ ಒಂದರಲ್ಲೂ ಅವನು ಯಾರಿಗೂ ಒಂದು ಗುದ್ದನ್ನಾಗಲಿ ಒದೆಯನ್ನಾಗಲಿ ಕಲಿಸುವುದಿಲ್ಲ.

ಹಾಗಾದರೆ ಬೋಧಿಧರ್ಮ ಬರುವ ಮುಂಚೆ ಚೀನಾದಲ್ಲಿ ಯಾರೂ ಕುಸ್ತಿ ಆಡುತ್ತಿರಲಿಲ್ಲವೇ? 'ಹಾನ್ ಶು' ಎಂಬ ಚರಿತ್ರೆ ಗ್ರಂಥ ಕ್ರಿ.ಶ. 1ನೆಯ ಶತಮಾನದ್ದು. ಅದರಲ್ಲಿ ಅಂದಿನ ರಾಜಭಂಡಾರದ ಪುಸ್ತಕಗಳ ಪಟ್ಟಿಯೊಂದಿದೆ. ಯುದ್ಧವಿದ್ಯೆಯ ವಿಭಾಗದಲ್ಲಿ 'ಶೌಬೊ', ಅಂದರೆ ಕೈಹೋರಾಟ, ಎಂಬ ಆರು ಅಧ್ಯಾಯಗಳ ಪುಸ್ತಕದ ಹೆಸರಿದೆ. ಪುಸ್ತಕ ಕಳೆದುಹೋಗಿದೆ, ಹೆಸರು ಉಳಿದಿದೆ. ಬೋಧಿಧರ್ಮನಿಗಿಂತ ನಾಲ್ಕು ನೂರು ವರ್ಷ ಹಿಂದೆಯೇ ಕೈಹೋರಾಟದ ಬಗ್ಗೆ ಪುಸ್ತಕ ಬರೆಯುವಷ್ಟು ಆ ವಿದ್ಯೆ ಅಲ್ಲಿ ಬೆಳೆದಿತ್ತು ಎಂದಾಯಿತು. ಅದೇ ಕಾಲಕ್ಕೆ ಸೇರಿದ ಇನ್ನೊಂದು ಗ್ರಂಥದಲ್ಲಿ ಯುಯೆ ರಾಜ್ಯದ ಒಬ್ಬ ಹಳ್ಳಿ ಹುಡುಗಿಯ ಕಥೆ ಬರುತ್ತದೆ. ಕಾಡಿನಂಚಿನಲ್ಲಿ ಬೆಳೆದ ಆಕೆ ರಾಜನಿಗೇ ಖಡ್ಗವಿದ್ಯೆಯ ಮರ್ಮ ಹೇಳಿಕೊಡುತ್ತಾಳೆ: ಹೊರಗೆ ನೋಡಿದರೆ ಸಾಧುವಾದ ಹೆಣ್ಣು, ಒಳಗೆ ಹುಲಿ, ಹೋರಾಡುವವನು ಹಾಗಿರಬೇಕು ಎಂಬುದು ಅವಳ ಮಾತಿನ ಸಾರ. ಇದೂ ಕಥೆಯೇ ಇರಬಹುದು. ಆದರೆ ಕಥೆ ಕಟ್ಟಿದವರಿಗೆ ವಿದ್ಯೆಯ ಪರಿಚಯವಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ಇನ್ನು ಶಾವೊಲಿನ್. ಈ ವಿಹಾರ 495ರ ಸುಮಾರಿಗೆ ಸ್ಥಾಪನೆಯಾಯಿತು. ಉತ್ತರ ವೇಯಿ ವಂಶದ ಅರಸ ಇದನ್ನು ಕಟ್ಟಿಸಿಕೊಟ್ಟದ್ದು ಬತುವೊ ಎಂದು ಚೀನೀಯರು ಕರೆಯುತ್ತಿದ್ದ ಒಬ್ಬ ಭಾರತೀಯ ಭಿಕ್ಷುವಿಗೆ. ಹೆಮ್ಮೆಪಡಲು ಭಾರತದ ನಂಟು ಬೇಕೆಂದರೆ ಅದು ಇಲ್ಲಿ ಗಟ್ಟಿಯಾಗಿಯೇ ಇದೆ, ಆದರೆ ಬತುವೊನ ಹೆಸರು ಯಾವ ಚಿತ್ರದಲ್ಲೂ ಬರುವುದಿಲ್ಲ! ಇರಲಿ. ಭಿಕ್ಷುಗಳು ಆಯುಧ ಹಿಡಿದದ್ದು ಯಾಕೆ? ಉತ್ತರ ತೀರ ಲೌಕಿಕವಾದದ್ದು: ಜಮೀನು. ವಿಹಾರಕ್ಕೆ ಗದ್ದೆಗಳಿದ್ದವು, ಕಣಜವಿತ್ತು, ಹಿಟ್ಟು ಬೀಸುವ ನೀರಿನ ಗಿರಣಿಯಿತ್ತು. ಸುಯಿ ವಂಶ ಕುಸಿದು ದೇಶವೆಲ್ಲ ಅರಾಜಕವಾದಾಗ ದರೋಡೆಕೋರರು ವಿಹಾರಕ್ಕೆ ನುಗ್ಗಿ ಬೆಂಕಿಯಿಟ್ಟರು. 621ರಲ್ಲಿ ಲುವೊಯಾಂಗಿನ ಸಿಂಹಾಸನಕ್ಕಾಗಿ ನಡೆದ ಯುದ್ಧದಲ್ಲಿ ಶಾವೊಲಿನ್ ಭಿಕ್ಷುಗಳು ತಾಂಗ್ ವಂಶದ ಲಿ ಶಿಮಿನ್‌ನ ಪಕ್ಷ ವಹಿಸಿ, ಎದುರಾಳಿಯ ಸೋದರನ ಮಗನನ್ನು ಸೆರೆಹಿಡಿದು ಒಪ್ಪಿಸಿದರು. ಲಿ ಶಿಮಿನ್ ಮುಂದೆ ಚಕ್ರವರ್ತಿಯಾದ. ವಿಹಾರಕ್ಕೆ ಭೂಮಿಯೂ ಗಿರಣಿಯೂ ಖಾಯಮ್ಮಾದವು. ನಮ್ಮ ಅರಸರು ಮಠಗಳಿಗೆ ಉಂಬಳಿ ಬಿಟ್ಟ ಹಾಗೆ ಎನ್ನಿ. 728ರಲ್ಲಿ ಇದನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸಿದರು. ಯುದ್ಧದಲ್ಲಿ ಹೆಸರು ಮಾಡಿದ ಹದಿಮೂರು ಭಿಕ್ಷುಗಳ ಹೆಸರೂ ಆ ಶಾಸನದಲ್ಲಿದೆ. ಅವರು ಯಾವ ವಿದ್ಯೆಯಿಂದ ಹೋರಾಡಿದರು ಎಂಬುದನ್ನು ಶಾಸನ ಹೇಳುವುದಿಲ್ಲ.

ಶಾವೊಲಿನ್‌ನ ವಿದ್ಯೆ ಬರಹದಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಅಲ್ಲಿಂದ ಒಂಬೈನೂರು ವರ್ಷ ದಾಟಿದ ಮೇಲೆ, ಮಿಂಗ್ ವಂಶದ ಕಾಲದಲ್ಲಿ. ಆಗಲೂ ಅದು ಮುಷ್ಟಿಯ ವಿದ್ಯೆಯಲ್ಲ, ದೊಣ್ಣೆಯ ವಿದ್ಯೆ. ಈ ದೊಣ್ಣೆವರಸೆಯನ್ನು ನಿಮಗೆ ಕಲಿಸಿದವರು ಯಾರು ಎಂದು ಕೇಳಿದರೆ ಅಂದಿನ ಭಿಕ್ಷುಗಳು ಬೋಧಿಧರ್ಮನ ಹೆಸರು ಹೇಳುತ್ತಿರಲಿಲ್ಲ. ಅವರು ಹೇಳುತ್ತಿದ್ದ ಹೆಸರು ಕಿನ್ನರ! ನಮ್ಮ ಪುರಾಣಗಳಲ್ಲಿ ಗಂಧರ್ವರ ಪಕ್ಕದಲ್ಲಿ ನಿಂತು ಹಾಡುವ ಅದೇ ಕಿನ್ನರ, ಬೌದ್ಧಧರ್ಮದ ಜೊತೆ ಚೀನಾಕ್ಕೆ ಹೋಗಿ 'ಜಿನ್ನಾಲುವೊ' ಆಗಿದ್ದಾನೆ. ಬಂಡಾಯಗಾರರು ವಿಹಾರಕ್ಕೆ ಮುತ್ತಿಗೆ ಹಾಕಿದಾಗ ಅಡುಗೆಮನೆಯ ಆಳೊಬ್ಬ ಒಲೆಯ ಉರಿ ಕೆದಕುವ ಕೋಲನ್ನೇ ಹಿಡಿದು ಹೊರಬಂದು, ಬೆಟ್ಟದಷ್ಟು ಎತ್ತರ ಬೆಳೆದು ನಿಂತನಂತೆ, ಬಂಡಾಯಗಾರರು ಓಡಿಹೋದರಂತೆ, ಅವನೇ ಕಿನ್ನರರಾಜನಂತೆ. 1517ರ ಒಂದು ಶಿಲಾಶಾಸನದಲ್ಲಿ ಈ ಐತಿಹ್ಯ ಇದೆ. ಅದಕ್ಕೂ ಹಿಂದೆ ಭಿಕ್ಷುಗಳು ಬಲಕ್ಕಾಗಿ ಬೇಡುತ್ತಿದ್ದುದು ವಜ್ರಪಾಣಿಯನ್ನು. ಅವನೂ ಇಲ್ಲಿಂದ ಹೋದವನೇ. ಭಾರತದಿಂದ ದೇವತೆಗಳು ಹೋದರು, ಸೂತ್ರಗಳು ಹೋದವು, ಧ್ಯಾನ ಹೋಯಿತು. ದೊಣ್ಣೆ ಮಾತ್ರ ಅಲ್ಲಿನ ಅಡುಗೆಮನೆಯದೇ.

16ನೆಯ ಶತಮಾನದ ನಡುಭಾಗದಲ್ಲಿ ಚೀನಾದ ಪೂರ್ವ ಕರಾವಳಿಯನ್ನು ಕಡಲ್ಗಳ್ಳರು ಸೂರೆಮಾಡುತ್ತಿದ್ದರು. ಸರಕಾರಿ ಸೈನ್ಯ ಸೋತು ಸೋತು ಸುಣ್ಣವಾದಾಗ ಭಿಕ್ಷುಗಳ ತುಕಡಿಗಳನ್ನು ಕರೆಸಿದರು. 1553ರಲ್ಲಿ ಅವರು ಕಬ್ಬಿಣದ ದೊಣ್ಣೆಗಳಿಂದ ಕಡಲ್ಗಳ್ಳರನ್ನು ಅಟ್ಟಿಸಿಕೊಂಡು ಹೋಗಿ ಬಡಿದರು. ಇಸವಿ ನೆನಪಿಟ್ಟುಕೊಳ್ಳಲು ಒಂದು ಸುಲಭ ದಾರಿಯಿದೆ: ನಮ್ಮ ಗೇರುಸೊಪ್ಪೆಯ ಚೆನ್ನಭೈರಾದೇವಿ ಪಟ್ಟಕ್ಕೆ ಬಂದದ್ದು 1552ರಲ್ಲಿ ಎನ್ನುತ್ತಾರೆ. ಇಲ್ಲಿ ಹೊನ್ನಾವರ, ಭಟ್ಕಳಗಳ ಕಡಲಲ್ಲಿ ಪೋರ್ತುಗೀಜರ ಕಾಟ, ಅಲ್ಲಿ ಅವರ ಕಡಲಲ್ಲಿ ಇವರ ಕಾಟ.

ಆ ಕಾಲದ ಇಬ್ಬರು ಸೇನಾಪತಿಗಳ ಹೆಸರನ್ನು ಹೇಳದೆ ಮುಂದೆ ಹೋಗಲಾರೆ. ಒಬ್ಬ ಯು ದಾಯೂ. ಅವನು 1561ರಲ್ಲಿ ಶಾವೊಲಿನ್‌ಗೆ ಹೋಗಿ ಭಿಕ್ಷುಗಳ ದೊಣ್ಣೆವರಸೆ ನೋಡಿದ. ಇಷ್ಟವಾಗಲಿಲ್ಲ. "ಹಳೆಯ ಮರ್ಮವೆಲ್ಲ ನಿಮ್ಮಲ್ಲಿ ಕಳೆದುಹೋಗಿದೆ" ಎಂದು ಮುಖಕ್ಕೇ ಹೇಳಿ, ಇಬ್ಬರು ತರುಣ ಭಿಕ್ಷುಗಳನ್ನು ತನ್ನ ಜೊತೆ ಕರೆದೊಯ್ದು ಮೂರು ವರ್ಷ ಕಲಿಸಿ ವಾಪಸು ಕಳಿಸಿದ. ಎಲ್ಲ ವಿದ್ಯೆಯ ತವರು ಎಂದು ನಾವು ನಂಬಿರುವ ವಿಹಾರಕ್ಕೆ ಹೊರಗಿನಿಂದ ಮೇಷ್ಟ್ರು ಬಂದ ಹಾಗಾಯಿತು! ಇನ್ನೊಬ್ಬ ಚೀ ಜಿಗುವಾಂಗ್. ರೈತರನ್ನೂ ಗಣಿಯ ಕೂಲಿಗಳನ್ನೂ ಸೇರಿಸಿ ಸೈನ್ಯ ಕಟ್ಟಿದವನು. ಅವನ ಯುದ್ಧಗ್ರಂಥದಲ್ಲಿ ಬರಿಗೈ ಹೋರಾಟದ 32 ಭಂಗಿಗಳು ಚಿತ್ರಸಮೇತ ಇವೆ. ಅದರ ಜೊತೆಗೇ ಒಂದು ನೇರ ಮಾತನ್ನೂ ಬರೆದಿದ್ದಾನೆ: ದೊಡ್ಡ ಯುದ್ಧಕ್ಕೆ ಬರಿಗೈ ವಿದ್ಯೆ ಅಷ್ಟೇನೂ ಉಪಯೋಗಕ್ಕೆ ಬಾರದು, ಆದರೆ ಕೈಕಾಲು ಪಳಗಿಸಲು, ಆಯುಧವಿದ್ಯೆಯ ಹೊಸ್ತಿಲು ದಾಟಲು ಅದು ಬೇಕು. ಅಂದರೆ ಅವನ ಲೆಕ್ಕದಲ್ಲಿ ಮುಷ್ಟಿ ಸಿಪಾಯಿಗೆ ಅಂಗಸಾಧನೆ.

ಮುಷ್ಟಿಯ ವರಸೆಗಳು ಶಾವೊಲಿನ್‌ನಲ್ಲಿ ಬೆಳೆದದ್ದು 17ನೆಯ ಶತಮಾನದಿಂದ ಈಚೆಗೆ. ತಾಯ್‌ಚಿ ಎಂದು ಇಂದು ಜಗತ್ತೆಲ್ಲ ಹರಡಿರುವ ನಿಧಾನಗತಿಯ ವಿದ್ಯೆಯೂ ಚೆನ್ ಎಂಬ ಮನೆತನದ ಹಳ್ಳಿಯಲ್ಲಿ ರೂಪುಗೊಂಡದ್ದು ಅದೇ ಹೊತ್ತಿಗೆ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಉಸಿರಾಟದ ಸಾಧನೆ, ದಾವ್ ಪಂಥದವರ ವೈದ್ಯ, ಸಿಪಾಯಿಗಳ ವರಸೆ ಎಲ್ಲವೂ ಸೇರಿ ಪಾಕವಾದ ಕಾಲ ಅದು.

ಬೋಧಿಧರ್ಮ ಈ ಚಿತ್ರದೊಳಕ್ಕೆ ಕಾಲಿಟ್ಟದ್ದೂ ಆ ಕಾಲದಲ್ಲೇ. 1624ರ ಸುಮಾರಿಗೆ 'ಯಿ ಜಿನ್ ಜಿಂಗ್' ಎಂಬ ಒಂದು ಅಂಗಸಾಧನೆಯ ಪುಸ್ತಕ ಹೊರಬಂತು. ಸ್ನಾಯುಗಳನ್ನು ಬಲಪಡಿಸುವ ಸೂತ್ರ ಎಂದು ಅದರ ಅರ್ಥ. ಪುಸ್ತಕಕ್ಕೆ ಹಳೆತನದ ಬೆಲೆ ಬರಲೆಂದು ಬರೆದವರು ಅದಕ್ಕೆ ಎರಡು ಮುನ್ನುಡಿ ಜೋಡಿಸಿದರು. ಒಂದು 628ರದು, ಇನ್ನೊಂದು 1142ರದು ಎಂದು ಹೇಳಿಕೊಂಡರು. ಬೋಧಿಧರ್ಮನೇ ಇದನ್ನು ಬಿಟ್ಟುಹೋದ ಎಂದು ಅಲ್ಲಿ ಬರೆದಿದೆ. ಮುನ್ನುಡಿಗಳು ಖೋಟಾ. 18ನೆಯ ಶತಮಾನದಲ್ಲಿಯೇ ಚೀನೀ ಪಂಡಿತರು ಅದರಲ್ಲಿನ ಇಸವಿಗಳ ತಪ್ಪು ಎತ್ತಿ ತೋರಿಸಿ ನಕ್ಕಿದ್ದರು. 1915ರಲ್ಲಿ ಬಂದ ಶಾವೊಲಿನ್ ಮುಷ್ಟಿಯ ರಹಸ್ಯ ಎಂಬ ಜನಪ್ರಿಯ ಪುಸ್ತಕ ಈ ಖೋಟಾ ನಾಣ್ಯವನ್ನು ಮನೆಮನೆಗೆ ಹಂಚಿತು. 1930ರಲ್ಲಿ ತಾಂಗ್ ಹಾವ್ ಎಂಬ ವಕೀಲ, ಸ್ವತಃ ವಿದ್ಯೆ ಬಲ್ಲವನು, ಹಳೆಯ ಗ್ರಂಥ ಶಾಸನಗಳನ್ನೆಲ್ಲ ಜಾಲಾಡಿ ಈ ಕಥೆಗೆ ಆಧಾರವಿಲ್ಲ ಎಂದು ಬರೆದ. ಗುರುಪರಂಪರೆಯ ಅಭಿಮಾನಿಗಳು ಅವನಿಗೆ ಹೊಡೆಯಲು ಹೊಂಚು ಹಾಕಿದ್ದರಂತೆ. ಯಾರೋ ಹಿರಿಯರು ನಡುವೆ ಬಂದು ತಪ್ಪಿಸಿದರಂತೆ. ತಾಂಗ್ ಹಾವ್ ಚೀನೀಯ, ಹೊಡೆಯಲು ಬಂದವರೂ ಚೀನೀಯರೇ. ಕಥೆಯನ್ನು ಕಟ್ಟಿದವರು ಅವರು, ಒಡೆದವರೂ ಅವರು. ನಡುವೆ ನಾವು ಮಾತ್ರ ಅದನ್ನು ನಮ್ಮದೆಂದು ಹೊತ್ತುಕೊಂಡು ತಿರುಗುತ್ತಿದ್ದೇವೆ.

ಹಾಗಾದರೆ ನಮ್ಮ ಈ ಕರಾವಳಿಗೂ ಚೀನಾಕ್ಕೂ ಸಂಬಂಧವೇ ಇರಲಿಲ್ಲವೇ? ಇತ್ತು, ವ್ಯಾಪಾರದ ಸಂಬಂಧ. 1342ರ ಸುಮಾರಿಗೆ ಇಬ್ನ್ ಬತೂತ ಹೊನ್ನಾವರಕ್ಕೆ ಬಂದ. ದಿಲ್ಲಿಯ ಮುಹಮ್ಮದ್ ಬಿನ್ ತುಘಲಕ್ ಅವನನ್ನು ಚೀನಾದ ಚಕ್ರವರ್ತಿಯ ಬಳಿಗೆ ರಾಯಭಾರಿಯಾಗಿ ಕಳಿಸಿದ್ದ. ಹೊನ್ನಾವರ ಆ ದಾರಿಯಲ್ಲಿ ಸಿಕ್ಕ ಬಂದರು. ಆ ಪುಟ್ಟ ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ ಎಂದು ಬರೆದಿಟ್ಟಿದ್ದಾನೆ. ಹೊನ್ನಾವರದ ವಿದ್ಯಾರ್ಥಿನಿಯರು ಈ ಲೆಕ್ಕವನ್ನು ಗಮನಿಸಬೇಕು. ಮುಂದೆ ಕಲ್ಲಿಕೋಟೆಯಲ್ಲಿ ಅವನು 13 ಚೀನೀ ಹಡಗುಗಳನ್ನು ಕಂಡ. ದೊಡ್ಡ ಹಡಗೊಂದರಲ್ಲಿ ಸಾವಿರ ಜನ: 600 ಮಂದಿ ನಾವಿಕರು, 400 ಮಂದಿ ಹೋರಾಟಗಾರರು. ಬಿಲ್ಲುಗಾರರು, ಗುರಾಣಿ ಹಿಡಿದವರು, ಉರಿಯುವ ಎಣ್ಣೆ ಎಸೆಯುವವರು. ಕುಮಟಾ ತಾಲ್ಲೂಕಿನ ಮಿರ್ಜಾನ್ ಕೋಟೆಯಲ್ಲಿ 2000-01ರಲ್ಲಿ ಉತ್ಖನನ ಮಾಡಿದಾಗ ಚೀನಾದ ಪಿಂಗಾಣಿ ಸಾಮಾನುಗಳೂ ಸಿಕ್ಕವು. ತಟ್ಟೆ ಬಟ್ಟಲುಗಳು ಇಲ್ಲಿಯವರೆಗೆ ಬಂದ ಮೇಲೆ ಮನುಷ್ಯರು ಬಂದಿರಬಾರದೇಕೆ, ಒಬ್ಬರ ವರಸೆಯನ್ನು ಇನ್ನೊಬ್ಬರು ನೋಡಿ ಕಲಿತಿರಬಾರದೇಕೆ ಎಂದು ನೀವು ಕೇಳಬಹುದು. ಕಲಿತಿರಬಹುದು. "ಇರಬಹುದು" ಎಂಬುದನ್ನು "ಇತ್ತು" ಎಂದು ಬರೆದರೆ ಮಾತ್ರ ಚರಿತ್ರೆಯ ಪರೀಕ್ಷೆಯಲ್ಲಿ ಅಂಕ ಕಳೆಯುತ್ತೇನೆ.

ನಮ್ಮ ನಾಡಿನಲ್ಲಿ ನಮ್ಮದೇ ವಿದ್ಯೆಗೆ ಇರುವ ಆಧಾರಗಳು ಇದಕ್ಕಿಂತ ಎಷ್ಟೋ ಗಟ್ಟಿಯಾಗಿವೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 1131ರ ಸುಮಾರಿಗೆ ಮುಗಿಸಿದ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದ ಎಂಬ ಪ್ರಕರಣವೇ ಇದೆ. ಮಲ್ಲರಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ದರ್ಜೆಗಳು. ಅವರು ಏನು ತಿನ್ನಬೇಕು, ಯಾವ ಕ್ರಮದಲ್ಲಿ ಸಾಧನೆ ಮಾಡಬೇಕು ಎಂಬ ವಿವರಗಳು. ಭಾರ ಎತ್ತುವುದು ಭಾರಶ್ರಮ, ನೀರಿನಲ್ಲಿ ಈಜುವುದು ಸಲಿಲಶ್ರಮ, ಕಂಬದ ಮೇಲಿನ ಸಾಧನೆ ಸ್ತಂಭಶ್ರಮ. ಈಗಿನ ಮಲ್ಲಕಂಬದ ಹಿರಿಯಜ್ಜ ಇದು. ಇಲ್ಲಿ 'ಶ್ರಮ' ಎಂಬ ಮಾತನ್ನು ಗಮನಿಸಿ. ಗರಡಿಯಲ್ಲಿ ನಡೆಯುವ ಅಂಗಸಾಧನೆಗೆ ಕನ್ನಡದಲ್ಲಿ 'ಸಾಮು' ಎನ್ನುತ್ತೇವಷ್ಟೆ. ಸಾಮು ಎಂಬುದು ಶ್ರಮ ಎಂಬುದರ ತದ್ಭವ. ಇನ್ನು 'ಕುಂಗ್ ಫೂ' ಎಂಬ ಚೀನೀ ಮಾತಿಗೆ ಹೊಡೆದಾಟ ಎಂಬ ಅರ್ಥವೇ ಮೂಲದಲ್ಲಿ ಇಲ್ಲ. ಬಹುಕಾಲ ದುಡಿದು, ಬೆವರು ಸುರಿಸಿ ಗಳಿಸಿದ ನೈಪುಣ್ಯ ಎಂದು ಅದರ ಅರ್ಥ. ಒಳ್ಳೆಯ ಅಡುಗೆಯವನಿಗೂ ಒಳ್ಳೆಯ ಬರಹಗಾರನಿಗೂ ಕುಂಗ್ ಫೂ ಇದೆ ಎನ್ನಬಹುದು. ಎರಡು ದೇಶಗಳ ಜನ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಅರ್ಥದ ಹೆಸರನ್ನು ಆರಿಸಿಕೊಂಡಿದ್ದಾರೆ. ಬೋಧಿಧರ್ಮನ ಕಥೆಗಿಂತ ನನಗೆ ಇದೇ ಹೆಚ್ಚು ಸೋಜಿಗವಾಗಿ ಕಾಣುತ್ತದೆ.

ವಿಜಯನಗರದ ಕಾಲಕ್ಕೆ ಬಂದರೆ ಸಾಕ್ಷಿಗಳು ಇನ್ನೂ ಹತ್ತಿರವಾಗುತ್ತವೆ. ಆ ಸಾಮ್ರಾಜ್ಯದ ಕುದುರೆಗಳು ಬಂದಿಳಿಯುತ್ತಿದ್ದ ಬಂದರುಗಳಲ್ಲಿ ನಮ್ಮ ಭಟ್ಕಳವೂ ಒಂದು. 1520ರ ಸುಮಾರಿಗೆ ಬಂದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸ್ ಭಟ್ಕಳವನ್ನೂ ಹೆಸರಿಸುತ್ತಾನೆ. ಕೃಷ್ಣದೇವರಾಯನ ದಿನಚರಿಯನ್ನು ಅವನು ವರ್ಣಿಸುವುದು ಓದಲು ಸೊಗಸು. ಬೆಳಗಾಗುವ ಮುಂಚೆ ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆ ತಿಕ್ಕಿಸಿಕೊಂಡು, ಮಣ್ಣಿನ ದೊಡ್ಡ ಭಾರಗಳನ್ನು ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಹರಿದ ಮೇಲೆ ಒಬ್ಬ ಜಟ್ಟಿಯ ಜೊತೆ ಕುಸ್ತಿಗೆ ಇಳಿಯುತ್ತಿದ್ದನಂತೆ. ಆಮೇಲೆ ಕುದುರೆ ಸವಾರಿ. ಇದೆಲ್ಲ ಮುಗಿದಾಗ ಬೆಳಕು ಹರಿಯುತ್ತಿತ್ತು. ಹದಿನೈದು ವರ್ಷದ ಬಳಿಕ ಬರೆದ ನ್ಯೂನಿಜ್ ಎಂಬ ಕುದುರೆ ವ್ಯಾಪಾರಿ ಮಹಾನವಮಿಯ ಜಟ್ಟಿಗಳನ್ನು ಕಂಡದ್ದನ್ನು ಹೇಳುತ್ತಾನೆ. ಕೈಯಲ್ಲಿ ಮೊನೆಗಳಿರುವ ಬಳೆಯಂಥ ಆಯುಧ ಹಿಡಿದು ಒಬ್ಬರನ್ನೊಬ್ಬರು ಹೊಡೆದು ಗಾಯಗೊಳಿಸುತ್ತಿದ್ದರು. ಹೆಚ್ಚು ಗಾಯಗೊಂಡವನಿಗೆ ಅರಸ ರೇಷ್ಮೆವಸ್ತ್ರ ಕೊಡುತ್ತಿದ್ದ.

ಈ ವರ್ಣನೆ ನಿಮಗೆ ಎಲ್ಲೋ ನೋಡಿದ ಹಾಗೆ ಅನ್ನಿಸಬೇಕು. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ಜಂಬೂಸವಾರಿಗೆ ಮುಂಚೆ ನಡೆಯುವ ವಜ್ರಮುಷ್ಟಿ ಕಾಳಗ ಅದರ ಮುಂದುವರಿಕೆಯೇ ಸರಿ. ಮೈಸೂರು, ಚನ್ನಪಟ್ಟಣ, ಚಾಮರಾಜನಗರ, ಬೆಂಗಳೂರುಗಳ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನೆಯುಳ್ಳ ವಜ್ರಮುಷ್ಟಿ ತೊಟ್ಟು ಕೆಂಪು ಮಣ್ಣಿನ ಕಣಕ್ಕೆ ಇಳಿಯುತ್ತಾರೆ. ತಲೆಯಿಂದ ಮೊದಲ ರಕ್ತದ ಹನಿ ಚಿಮ್ಮಿದೊಡನೆ ಕಾಳಗ ನಿಲ್ಲುತ್ತದೆ. ಜಟ್ಟಿ ಎಂಬ ಹೆಸರಿನಲ್ಲಿ ಮಾನಸೋಲ್ಲಾಸದ ಜ್ಯೇಷ್ಠಿಕ ಇನ್ನೂ ಉಸಿರಾಡುತ್ತಿದ್ದಾನೆ. ವಜ್ರಮುಷ್ಟಿಯೇ ಕುಂಗ್ ಫೂವಿನ ತಾಯಿ ಎಂದು ಬರೆದವರೂ ಇದ್ದಾರೆ. ವಜ್ರಪಾಣಿ, ವಜ್ರಮುಷ್ಟಿ ಎಂಬ ಎರಡು ಹೆಸರುಗಳ ಹೋಲಿಕೆ ಬಿಟ್ಟರೆ ಅದಕ್ಕೆ ಯಾವ ಆಧಾರವೂ ಇಲ್ಲ. ಹೆಸರು ಹೋಲಿದರೆ ನೆಂಟಸ್ತಿಕೆ ಆಗುವುದಾದರೆ ನಮ್ಮ ಜಿಲ್ಲೆಯ ಹೆಗಡೆ, ನಾಯ್ಕರೆಲ್ಲ ಒಂದೊಂದೇ ಮನೆಯವರಾಗಬೇಕಿತ್ತು!

20ನೆಯ ಶತಮಾನದ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1900ರಲ್ಲಿ ಚೀನಾದ ಬಾಕ್ಸರ್ ಬಂಡಾಯಗಾರರು ತಮ್ಮ ಮುಷ್ಟಿಸಾಧನೆಯಿಂದ ಮೈಗೆ ಗುಂಡು ತಾಗದು ಎಂದು ನಂಬಿ ವಿದೇಶೀಯರ ಬಂದೂಕುಗಳಿಗೆ ಎದೆಯೊಡ್ಡಿದರು. ಅವರನ್ನು ಅಡಗಿಸಲು ಬ್ರಿಟಿಷರು ಕಳಿಸಿದ್ದು ಬಹುಮಟ್ಟಿಗೆ ಭಾರತೀಯ ಸಿಪಾಯಿಗಳನ್ನು. ಅವರಲ್ಲಿ ಒಬ್ಬರಾದ ಗದಾಧರ ಸಿಂಹರು ಆ ಹದಿಮೂರು ತಿಂಗಳ ಅನುಭವವನ್ನು ಹಿಂದಿಯಲ್ಲಿ ಪುಸ್ತಕ ಮಾಡಿದ್ದಾರೆ. ಚೀನೀಯರ ಮೇಲೆ ಅವರಿಗಿದ್ದ ಮರುಕ ಅದರಲ್ಲಿ ಕಾಣುತ್ತದೆ. ಸೋಲಿನ ಅವಮಾನದಿಂದಲೇ ಅಲ್ಲಿ ಹೊಸ ಅಂಗಸಾಧನ ಸಂಸ್ಥೆಗಳು ಹುಟ್ಟಿದವು: 1910ರಲ್ಲಿ ಶಾಂಘೈನಲ್ಲಿ ಜಿಂಗ್‌ವು ಸಂಘ, 1928ರಲ್ಲಿ ನಾನ್‌ಜಿಂಗ್‌ನಲ್ಲಿ ಕೇಂದ್ರ ಸಂಸ್ಥೆ. ಅದೇ 1928ರಲ್ಲಿ ಒಬ್ಬ ಸೇನಾನಾಯಕ ಶಾವೊಲಿನ್ ವಿಹಾರಕ್ಕೆ ಬೆಂಕಿಯಿಟ್ಟದ್ದು ವಿಪರ್ಯಾಸ. ನಮ್ಮಲ್ಲೂ ಅದೇ ಗಾಳಿ ಬೀಸಿತ್ತು. ಅಮರಾವತಿಯ ಹನುಮಾನ್ ವ್ಯಾಯಾಮ ಪ್ರಸಾರಕ ಮಂಡಳ 1914ರಲ್ಲಿ ಹುಟ್ಟಿತು. 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್ ನಡೆದಾಗ ಅಮರಾವತಿಯ ತಂಡ ಅಲ್ಲಿ ಮಲ್ಲಕಂಬ, ಕಬಡ್ಡಿ ತೋರಿಸಿತು. ಚೀನಾದ ತಂಡವೂ ಅದೇ ಊರಿನಲ್ಲಿ ತನ್ನ ವರಸೆ ತೋರಿಸಿತು. ಪ್ರಾಚೀನ ವಿದ್ಯೆಗಳೆರಡೂ ಯುರೋಪಿನ ಮೈದಾನದಲ್ಲಿ ಅಕ್ಕಪಕ್ಕ ನಿಂತ ಆ ವರ್ಷವೇ ಓಕಿನಾವಾದಲ್ಲಿ ಗುರುಗಳೆಲ್ಲ ಸಭೆ ಸೇರಿ, ಅದುವರೆಗೆ 'ಚೀನೀ ಕೈ' ಎಂದೂ ಬರೆಯುತ್ತಿದ್ದ ಕರಾಟೆ ಎಂಬ ಹೆಸರನ್ನು 'ಬರಿಗೈ' ಎಂದು ಬರೆಯಲು ಒಪ್ಪಿದರು. ಉಚ್ಚಾರ ಅದೇ, ಬರೆಯುವ ಅಕ್ಷರ ಬೇರೆ. ನಿಮ್ಮ ಶಾಲೆಯ ಅಂಗಳದ ಕರಾಟೆ ಹೀಗೆ ಚೀನಾದ ಫುಜಿಯಾನ್ ಕರಾವಳಿಯಿಂದ ಓಕಿನಾವಾ, ಜಪಾನ್ ಸುತ್ತಿ ಬಂದದ್ದು. ಚೀನಾದ ನೇರ ವಿದ್ಯೆ ವುಶು ಎಂಬ ಹೆಸರಿನಲ್ಲಿ 1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದ ಪದಕದ ಆಟವಾಗಿದೆ.

ಈ ವಿದ್ಯೆಗಳನ್ನು ಜನಮನದಲ್ಲಿ ಉಳಿಸಿದ್ದು ಸಿಪಾಯಿಗಳಿಗಿಂತ ಹೆಚ್ಚಾಗಿ ವೇಷಧಾರಿಗಳು ಎಂದರೆ ತಪ್ಪಾಗಲಾರದು. ಬೀಜಿಂಗ್ ಗೀತನಾಟಕದಲ್ಲಿ ಯುದ್ಧದ ಪಾತ್ರಗಳಿಗೇ ಬೇರೆ ತರಬೇತಿ. ಜಾಕಿ ಚಾನ್ ಹಾಂಗ್ ಕಾಂಗ್‌ನಲ್ಲಿ ಬಾಲ್ಯವನ್ನು ಕಳೆದದ್ದು ಅಂಥ ನಾಟಕಶಾಲೆಯಲ್ಲಿ. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟ ನೋಡಿದವರಿಗೆ ರಂಗದ ಯುದ್ಧವೆಂದರೇನು ಎಂಬುದು ಗೊತ್ತು. ದಿಗಿಣ ಹಾರುವ, ಮಂಡಿಯೂರಿ ಗಿರಗಿರನೆ ತಿರುಗುವ ವೇಷಧಾರಿಯ ಕಾಲುಗಳಿಗೆ ಎಷ್ಟು ವರ್ಷದ ಸಾಮು ಬೇಕು! ಯಕ್ಷಗಾನ ಯುದ್ಧವಿದ್ಯೆಯಲ್ಲ, ಅದನ್ನು ಯುದ್ಧವಿದ್ಯೆ ಮಾಡಲು ಹೊರಡುವುದೂ ಬೇಡ. ಆದರೆ ಬೆವರು ಒಂದೇ ತರಹದ್ದು.

ಸಿನಿಮಾದ ಮಾತು ಬಂದರೆ ಈ ತಾಲ್ಲೂಕಿನವರಿಗೆ ತಟ್ಟನೆ ನೆನಪಾಗುವ ಹೆಸರು ಒಂದೇ. 1954ರಲ್ಲಿ ಹೊನ್ನಾವರದಲ್ಲಿ ಹುಟ್ಟಿದ ಶಂಕರ್ ನಾಗ್ ಅವರನ್ನು ಅಭಿಮಾನಿಗಳು 'ಕರಾಟೆ ಕಿಂಗ್' ಎಂದೇ ಕರೆದರು. 1980ರ 'ಆಟೋ ರಾಜ' ಬಂದ ಕಾಲದಲ್ಲಿ ಎಷ್ಟು ಹುಡುಗರು ಗಾಳಿಗೆ ಒದ್ದರೋ ಲೆಕ್ಕವಿಲ್ಲ. ಸ್ವತಃ ಅವರು ಕರಾಟೆಯನ್ನು ಕ್ರಮವಾಗಿ ಕಲಿತವರಾಗಿರಲಿಲ್ಲವೆಂದು ಹೇಳುತ್ತಾರೆ. ತೆರೆಯ ಮೇಲಿನ ಚುರುಕಿಗೆ ಜನ ಕೊಟ್ಟ ಬಿರುದು ಅದು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿ ಅಪಘಾತದಲ್ಲಿ ಅವರು ತೀರಿಕೊಂಡರು. ಬಿರುದು ಮಾತ್ರ ಆಟೋಗಳ ಹಿಂಬದಿಯಲ್ಲಿ ಓಡಾಡುತ್ತಲೇ ಇದೆ. ಯೋಚಿಸಿ ನೋಡಿ: ನಮ್ಮ ಕಣ್ಣೆದುರೇ, ನಮ್ಮ ಊರಿನವರೊಬ್ಬರ ಸುತ್ತ, ಹತ್ತೇ ವರ್ಷದಲ್ಲಿ ಇಂಥ ಐತಿಹ್ಯ ಬೆಳೆಯುವುದಾದರೆ ಸಾವಿರದ ಐನೂರು ವರ್ಷದ ಹಿಂದಿನ ಭಿಕ್ಷುವಿನ ಸುತ್ತ ಏನೆಲ್ಲ ಬೆಳೆದಿರಬೇಡ!

ಇನ್ನು ಆ ಹುಡುಗನ ವಿಷಯ. ಮರುವರ್ಷ ಅವನನ್ನು ಕರೆದು, ನಾನು ಅವತ್ತು ಹೇಳಿದ್ದು ತಪ್ಪು ಎಂದೆ. ಅವನಿಗೆ ಬೇಸರವಾಯಿತು. ಮುಖ ಸಣ್ಣದು ಮಾಡಿಕೊಂಡು, "ಹಂಗಾದರೆ ನಮ್ಮದು ಅಂತ ಏನಿದೆ ಸರ್?" ಎಂದ. ಮಾನಸೋಲ್ಲಾಸ, ಜಟ್ಟಿಗಳು ಎಂದೆಲ್ಲ ಹೇಳಿದೆ. ಅದೆಲ್ಲ ಘಟ್ಟದ ಮೇಲಿನದಾಯಿತಲ್ಲ, ನಮ್ಮ ಊರಿನದು ಏನು ಎಂಬುದು ಅವನ ಪ್ರಶ್ನೆ. ಭಟ್ಕಳ, ಹಾಡುವಳ್ಳಿ, ಗೇರುಸೊಪ್ಪೆಗಳಲ್ಲಿ ಕತ್ತಿ ಗುರಾಣಿ ಹಿಡಿದು ನಿಂತ ವೀರಗಲ್ಲುಗಳನ್ನು ತೋರಿಸಬಹುದಿತ್ತು, ದಕ್ಷಿಣಕ್ಕೆ ಹೋದರೆ ತುಳುನಾಡಿನಲ್ಲಿ ಕೋಟಿ ಚೆನ್ನಯರ ಗರಡಿಗಳಿವೆ ಎನ್ನಬಹುದಿತ್ತು. ಆದರೆ ಅವನ ಮನೆಯಲ್ಲಿ ಅಜ್ಜ ಇದ್ದಾರೆಂದು ತಿಳಿದು, "ಅವರನ್ನೇ ಕೇಳಿ, ಹೇಳಿದ್ದನ್ನು ಬರೆದುಕೊಂಡು ಬಾ" ಎಂದು ಕಳಿಸಿದೆ.

ಒಂದು ವಾರ ಬಿಟ್ಟು ನೋಟುಪುಸ್ತಕದ ಎರಡು ಹಾಳೆ ತುಂಬಿಸಿ ತಂದ. ಅಜ್ಜ ಹುಡುಗನಾಗಿದ್ದಾಗ ತಾಲೀಮಿಗೆ ಹೋಗುತ್ತಿದ್ದರಂತೆ. ದಂಡೆ ಎಷ್ಟು, ಬಸ್ಕಿ ಎಷ್ಟು, ಮಣ್ಣಿಗೆ ಏನೇನು ಬೆರೆಸುತ್ತಿದ್ದರು ಎಂಬುದೆಲ್ಲ ಅದರಲ್ಲಿತ್ತು. ಕೆಳಗೆ ಪಟ್ಟುಗಳ ಹೆಸರು: ಢಾಕ್, ಟಾಂಗ್, ಕಲಾಜಂಗ್, ಧೋಬಿ ಪಛಾಡ್. ಒಂದೂ ಕನ್ನಡವಲ್ಲ. ನಮ್ಮ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಮರಾಠಿ ಕಡೆಯ ಮಾತುಗಳೂ ಪಟ್ಟುಗಳೂ ಇಳಿದು ಬಂದಿರಬೇಕು ಎಂದು ನಾನು ಹೇಳಿದಾಗ ಹುಡುಗ ಮತ್ತೆ ನನ್ನ ಮುಖ ನೋಡಿದ. "ಅಜ್ಜನಿಗೆ ತೋರಿಸಿಕೊಡಲು ಬರುತ್ತದೆಯೇ?" ಎಂದು ಕೇಳಿದೆ. "ಹೆಸರು ನೆನಪಿದೆಯಂತೆ ಸರ್, ಮೊಣಕಾಲು ಕೇಳುವುದಿಲ್ಲವಂತೆ. ಭಾನುವಾರ ನನ್ನನ್ನು ನಿಲ್ಲಿಸಿಕೊಂಡು ಕೂತಲ್ಲಿಂದಲೇ ಒಂದೊಂದಾಗಿ ಹೇಳಿಕೊಡುತ್ತೇನೆ ಅಂದಿದ್ದಾರೆ" ಎಂದ. ಆ ಎರಡು ಹಾಳೆ ನನ್ನ ಮೇಜಿನ ಖಾನೆಯಲ್ಲಿವೆ. ಮೂರನೆಯ ಹಾಳೆಗೆ ಕಾಯುತ್ತಿದ್ದೇನೆ.